ಅಣ್ಣನ ಸಿಂಥಸೈಜರೂ ನಾನು ಗೆದ್ದ ವಾದವೂ

ವಾದದಲ್ಲಿ ಗೆಲ್ಲುವ ಚಟ ಬೀಡಿ ಸೇದುವ ಚಟಕ್ಕಿಂತ ಕೆಟ್ಟದ್ದು ಎಂದು ನನಗೆ ಈಚೆಗೆ ಅನ್ನಿಸತೊಡಗಿದೆ. ಬೀಡಿ ಸೇದುವವನು ಹೋಗಲಿ ಅಂದರೆ ಅಂಗಳಕ್ಕಾದರೂ ಹೋಗಿ ಸೇದುತ್ತಾನೆ. ವಾದಿಸುವವನು ಊಟದ ತಾಟಿನ ಮುಂದೆಯೇ ಶುರುಮಾಡುತ್ತಾನೆ. ನನಗೆ ಈ ಚಟ ಹತ್ತಿದ್ದು ಧಾರವಾಡದ ಕಾಲೇಜಿನಲ್ಲಿ. ಅಲ್ಲಿ ಚರ್ಚಾಸ್ಪರ್ಧೆಯಲ್ಲಿ ಚೀಟಿ ಎತ್ತಿಸುತ್ತಿದ್ದರು; ಪರ ಬಂದರೆ ಪರ, ವಿರೋಧ ಬಂದರೆ ವಿರೋಧ. ಬೆಳಿಗ್ಗೆ ಯಂತ್ರಗಳಿಂದ ಮನುಷ್ಯ ಉದ್ಧಾರವಾದ ಎಂದು ಗುಡುಗಿ, ಮಧ್ಯಾಹ್ನದ ಸುತ್ತಿನಲ್ಲಿ ಯಂತ್ರಗಳಿಂದಲೇ ಮನುಷ್ಯ ಹಾಳಾದ ಎಂದು ಅಷ್ಟೇ ಗಟ್ಟಿಯಾಗಿ ಗುಡುಗಿ, ಎರಡಕ್ಕೂ ಚಪ್ಪಾಳೆ ಗಿಟ್ಟಿಸಿದವನು ನಾನು. ಮೂರು ವರ್ಷ ಹೀಗೆ ಗುಡುಗಿದವನಿಗೆ ಒಂದು ಭ್ರಮೆ ಹುಟ್ಟುತ್ತದೆ: ಎದುರಿನವರು ಸುಮ್ಮನಾದರು ಅಂದರೆ ತಾನು ಹೇಳಿದ್ದು ಸತ್ಯ ಎಂದು. ನನ್ನ ಟ್ರಂಕಿನಲ್ಲಿ ಬಹುಮಾನ ಬಂದ ಎರಡು ಢಾಲುಗಳ ಜೊತೆಗೆ ಆ ಭ್ರಮೆಯೂ ಭದ್ರವಾಗಿ ನಾಸಿಕಿಗೆ ಬಂದು ಇಳಿಯಿತು.

ನಾಸಿಕಿನಲ್ಲಿ ನನ್ನ ಅಣ್ಣ ಮೊದಲೇ ಇದ್ದ. ಓಝರಿನ ಹತ್ತಿರದ ವಿಮಾನ ಕಾರ್ಖಾನೆಯಲ್ಲಿ ಫಿಟ್ಟರು. ಅವನ ಹಿಂದೆ ನಾನೂ ಅಲ್ಲಿಯೇ ಸೇರಿಕೊಂಡೆ, ವಿದ್ಯುತ್ ಭಾಗದ ತಪಾಸಣೆಗೆ. ಬೇರೆಯವರು ಜೋಡಿಸಿದ ತಂತಿಗಳನ್ನು ನೋಡಿ, ಸರಿಯಾಗಿದ್ದರೆ ಸಹಿ ಹಾಕುವ ಕೆಲಸ. ಕಣ್ಣಾರೆ ನೋಡದೆ ಸಹಿ ಹಾಕಬಾರದು ಎಂಬುದು ಅಲ್ಲಿಯ ಮೊದಲ ನಿಯಮ. ತಪ್ಪು ಹುಡುಕಿದ್ದಕ್ಕೆ ಸಂಬಳ ಕೊಡುವವರು ಲೋಕದಲ್ಲಿ ಇದ್ದಾರೆಂದು ತಿಳಿದಾಗ ನನಗಾದ ಆನಂದ ಅಷ್ಟಿಷ್ಟಲ್ಲ. ನಾವು ಪಂಚವಟಿಯ ಒಂದು ಹಳೆಯ ವಾಡೆಯ ಮಹಡಿಯಲ್ಲಿ ಬಾಡಿಗೆಗಿದ್ದೆವು: ಅಣ್ಣ, ವೈನಿ ಮತ್ತು ನಾನು. ಅತ್ತಿಗೆಗೆ ನಮ್ಮ ಕಡೆ ವೈನಿ ಎನ್ನುವುದು ವಾಡಿಕೆ.

ಅಣ್ಣನಿಗೆ ಮಾತು ತಡವರಿಸುತ್ತದೆ. ಮೊದಲ ಅಕ್ಷರದ ಹತ್ತಿರ ಬಂದು ಬಾಗಿಲು ತೆರೆಯದ ಹಾಗೆ ನಿಂತುಬಿಡುತ್ತದೆ. ಚಿಕ್ಕಂದಿನಿಂದಲೂ ಯಾರಾದರೂ ಅವನನ್ನು ಏನಾದರೂ ಕೇಳಿದರೆ ಉತ್ತರ ಕೊಡುತ್ತಿದ್ದವನು ನಾನು. ಮಾಸ್ತರರು ಅವನ ಹೆಸರು ಕೇಳಿದರೆ ನಾನು ಹೇಳುತ್ತಿದ್ದೆ. ಹೆಣ್ಣು ನೋಡಲು ಹೋದಾಗ ಹುಡುಗಿ ಒಪ್ಪಿಗೆಯೇ ಎಂದು ಕೇಳಿದಾಗಲೂ ನಾನೇ ‘ಹೂಂ’ ಅಂದದ್ದು. (ವೈನಿ ಇದನ್ನು ಇವತ್ತಿಗೂ ಎತ್ತಿ ಆಡುತ್ತಾರೆ: “ನನ್ನ ಒಪ್ಪಿದವರು ನೀವರಿ, ಅವರಲ್ಲ.”) ಇದನ್ನೆಲ್ಲ ನಾನು ಉಪಕಾರವೆಂದೇ ತಿಳಿದಿದ್ದೆ. ಆದರೆ ಅಣ್ಣನ ಕೈಗೆ ಒಂದು ಹಾರ್ಮೋನಿಯಂ ಸಿಕ್ಕಿತೋ, ಅವನ ಬೆರಳುಗಳು ಎಲ್ಲಿಯೂ ತಡವರಿಸುತ್ತಿರಲಿಲ್ಲ. ಹಾಗಾಗಿ ಔರಂಗಾಬಾದಿನ ಒಂದು ಆರ್ಕೆಸ್ಟ್ರಾದ ಮುಖ್ಯಸ್ಥರು, ಎಲ್ಲರೂ ದಾದಾ ಎನ್ನುವವರು, ಕಾರ್ಖಾನೆಯ ಕಾಲನಿಯ ಮದುವೆಯೊಂದರಲ್ಲಿ ಅವನ ಕೈ ನೋಡಿ, “ಸಿಂಥಸೈಜರ್ ಬಾರಿಸುವವರು ಬೇಕಾಗಿದ್ದಾರೆ, ವಾದ್ಯ ನಿಮ್ಮದೇ ಇರಬೇಕು, ಮೇ ತಿಂಗಳ ಮೊದಲ ರವಿವಾರ ತಂದು ಬಾರಿಸಿ ತೋರಿಸಿ” ಅಂದಾಗ, ಅಣ್ಣ ಆ ದಿನ ಊಟವನ್ನೇ ಮರೆತ. ಬಾಯಿ ತೆರೆಯದೆ ನಾಲ್ಕು ಜನರ ನಡುವೆ ಇರಬಹುದಾದ ಜಾಗ ಅದೊಂದೇ ಎಂದು ಅವನು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ.

ಸಿಂಥಸೈಜರು ಮುಂಬಯಿಯಿಂದ ಬಂತು. ದುಬೈಗೆ ಹೊರಟಿದ್ದ ಒಬ್ಬ ವಾದ್ಯಗಾರನ ಕೈಯಿಂದ, ಎಸ್.ಟಿ. ಬಸ್ಸಿನ ತಲೆಯ ಮೇಲೆ, ವೈನಿಯ ಎರಡು ಕೌದಿ ಹೊದ್ದುಕೊಂಡು. ಪರದೇಶದ ಮಾಲು. ಹೊಸದಿದ್ದಾಗ ಹೇಗಿತ್ತೋ; ನಮಗೆ ಬಂದಾಗ ದನಿ ತಿರುವುವ ಎರಡು ಗುಬುಟುಗಳು ಕಳೆದು ಆ ಜಾಗದಲ್ಲಿ ಟೂತ್‌ಪೇಸ್ಟಿನ ಬಿರಡೆಗಳಿದ್ದವು. ಸಂಜೆ ಊರವರೆಲ್ಲ ದೀಪ ಹಾಕಿ ಓಲ್ಟೇಜು ಇಳಿದರೆ ಅದರ ಶ್ರುತಿಯೂ ಇಳಿಯುತ್ತಿತ್ತು. ಅದರ ಎರಡು ಪಿನ್ನಿನ ಪ್ಲಗ್ಗನ್ನು ಕಂಡು ನಾನು ಕೆಂಡವಾದೆ. ಅರ್ಥಿಂಗ್ ಇಲ್ಲದ ವಾದ್ಯ! ಮನುಷ್ಯನ ಜೀವಕ್ಕೆ ಬೆಲೆಯೇ ಇಲ್ಲವೇ? ಅರ್ಧ ಗಂಟೆ ಭಾಷಣ ಮಾಡಿ, ಮೂರು ಪಿನ್ನಿನದನ್ನು ಹಾಕಿ, ಅದರ ಲೋಹದ ಮೈಯನ್ನು ಮನೆಯ ಅರ್ಥಿಂಗ್ ತಂತಿಗೆ ಕೂಡಿಸಿದೆ. ಆ ತಂತಿ ಗೋಡೆಯೊಳಗೆ ಇಳಿದು ಎಲ್ಲಿಗೆ ಹೋಗುತ್ತದೆ ಎಂದು ನೋಡಲಿಲ್ಲ. ಮನೆಯೆಂದ ಮೇಲೆ ಅರ್ಥಿಂಗ್ ಇದ್ದೇ ಇರುತ್ತದೆ ಎಂದುಕೊಂಡೆ. ಎರಡು ವಾರ ವಾದ್ಯ ಹಾಲಿನಂತೆ ಹರಿಯಿತು.

ಈಗ ನಾನು ಗೆದ್ದ ವಾದದ ಕತೆ. ವಾಡೆಯ ಒಡತಿ ಎಪ್ಪತ್ತು ದಾಟಿದ ಆಜಿ. ತವರು ಸೋಲಾಪುರ, ಆದ್ದರಿಂದ ಕನ್ನಡ ಬಲ್ಲವರು. ಅಂಗಳದ ಮೂಲೆಯಲ್ಲಿ, ಮಳೆ ಬಿಸಿಲು ಎರಡೂ ಬೀಳದ ತಗಡಿನ ಚಪ್ಪರದ ಕೆಳಗೆ, ಸಿಂಧೂರ ಮೆತ್ತಿ ಮೆತ್ತಿ ದಪ್ಪಗಾದ ಒಂದು ಕಲ್ಲಿತ್ತು. ದಿನಾ ಬೆಳಿಗ್ಗೆ ಸ್ನಾನ ಮುಗಿಸಿ ಆಜಿ ಅದರ ಮೇಲೆ ಒಂದು ಕೊಡ ನೀರು ಸುರಿದು ಕೈ ಮುಗಿಯುತ್ತಿದ್ದರು. ಹೋಳಿ ಮುಗಿದ ಮರುವಾರ, ಬಾವಿಯ ನೀರು ತಳ ಕಾಣುತ್ತಿದ್ದ ದಿನ, ನಾನು ಹಲ್ಲುಜ್ಜುತ್ತ ನಿಂತವನು ಸುಮ್ಮನಿರಲಾರದೆ ಕೇಳಿದೆ:

“ಆಜಿ, ಇದು ಯಾವ ದೇವರ್ರೀ?”

“ಮನಿ ಕಾಯೋ ದೇವರಪಾ.”

“ಹೆಸರೇನ್ರಿ?”

“ಹೆಸರು ಯಾರಿಗ್ಗೊತ್ತು, ಬಾಳಾ.”

“ಹೆಸರss ಗೊತ್ತಿಲ್ಲದ ದೇವರು ಅದಾನ ಅಂತ ಹ್ಯಾಂಗ ನಂಬ್ತೀರಿ?”

“ನಿನ್ನ ವೈನಿ ಹೆಸರೂ ಮೂರು ತಿಂಗಳ ನನಗ ಗೊತ್ತಿರಲಿಲ್ಲ. ಅಲ್ಲೀತನಕಾ ಆಕಿ ಇರಲಿಲ್ಲೇನು?”

ಯಾವ ತೀರ್ಪುಗಾರನೂ ಅಲ್ಲಿಗೇ ಗಂಟೆ ಬಾರಿಸಿ ಆಜಿಗೆ ಢಾಲು ಕೊಡುತ್ತಿದ್ದ. ಆದರೆ ನಾನು ಬಿಡಬೇಕಲ್ಲ! ಬಾವಿಯ ಸ್ಥಿತಿ, ಕೆಳಗಿನ ಓಣಿಯಲ್ಲಿ ನೀರಿಗಾಗಿ ನಿಂತ ಹೆಂಗಸರು, ಕಲ್ಲಿಗೆ ಬಾಯಾರಿಕೆ ಇಲ್ಲವೆಂಬ ವಿಜ್ಞಾನ, ನೀರು ಹಾಕದಿದ್ದರೂ ಏನೂ ಆಗುವುದಿಲ್ಲವೆಂಬ ಸವಾಲು. ಒಂದರ ಮೇಲೊಂದು ಹೇರಿದೆ. ಆಜಿ ತುಂಬಿದ ಕೊಡವನ್ನು ಮೆಟ್ಟಿಲ ಮೇಲಿಟ್ಟರು. ಆಮೇಲೆ, “ಓದಿದವ ನೀನು. ನೀರಿಗಾಗಿ ಮಂದಿ ಒದ್ದಾಡೋದು ಖರೇನೂ ಹೌದು” ಅಂದು ಒಳಗೆ ಹೋದರು. ಮರುದಿನದಿಂದ ನೀರು ನಿಂತಿತು. ಅದೇ ಹೊತ್ತಿಗೆ ಅವರು ಮೆಟ್ಟಿಲ ಮೇಲೆ ಬರಿಗೈಯಲ್ಲಿ ಕೂತಿರುತ್ತಿದ್ದುದನ್ನು ನಾನು ಕಂಡೆ. ಕಂಡರೂ ಅದನ್ನು ಗೆಲುವಿನ ಲೆಕ್ಕಕ್ಕೇ ಹಾಕಿಕೊಂಡೆ. ರಾತ್ರಿ ಊಟಕ್ಕೆ ಕೂತಾಗ ಇಡೀ ಚರ್ಚೆಯನ್ನು ಎರಡೂ ದನಿಗಳಲ್ಲಿ ಆಡಿ ತೋರಿಸಿದೆ. ವೈನಿ ಭಕ್ಕರಿ ಮುರಿಯುತ್ತ, “ಆ ಮುದುಕಿನ ಸೋಲಿಸಿ ಏನು ಬಂತ್ರಿ ವಕೀಲರ? ಢಾಲ ಕೊಟ್ಟರೇನು?” ಅಂದರು.

ಏಪ್ರಿಲ್ ಬಂತು. ಒಂದು ಸಂಜೆ ಅಣ್ಣ ಬಾರಿಸುತ್ತಿದ್ದವನು ಥಟ್ಟನೆ ಕೈ ಹಿಂದಕ್ಕೆ ಎಳೆದುಕೊಂಡ. “ಚು… ಚುರ್ ಅಂತು” ಅಂದ. ವಾದ್ಯದೊಳಗಿಂದ ಜೇನುಹುಟ್ಟಿಗೆ ಕಲ್ಲು ಬಿದ್ದ ಹಾಗೆ ಒಂದು ಗುಂಯ್‌ ದನಿ. ನಾನು ಮುಟ್ಟಿದೆ, ಕಟ್ಟಿರುವೆ ಕಚ್ಚಿದಂತಾಯಿತು. ಸಂತೋಷವೇ ಆಯಿತು ಎಂದರೆ ನಂಬಬೇಕು. ತಪ್ಪು ಹುಡುಕುವ ಕೆಲಸ ಮನೆಗೇ ಹುಡುಕಿಕೊಂಡು ಬಂದಿತ್ತು! ವಾದ್ಯದ ಹೊಟ್ಟೆ ಬಿಚ್ಚಿದೆ. ಒಳಗೆ ಒಂದು ಸತ್ತ ಜಿರಳೆ, ಒಂದು ಹೇರ್‌ಪಿನ್ನು, ಮುಂಬಯಿ ಲೋಕಲ್ಲಿನ ಒಂದು ಟಿಕೇಟು ಸಿಕ್ಕವು. ದೋಷ ಹೇರ್‌ಪಿನ್ನಿನದೇ ಎಂದು ಸಾಧಿಸಿದೆ. ಅಣ್ಣ ನಂಬಿ ಮುಟ್ಟಿದ. ಚುರ್. ಕೆಪ್ಯಾಸಿಟರುಗಳನ್ನು ಬದಲಿಸಿ, ದೋಷ ಅವುಗಳದೇ ಎಂದು ಸಾಧಿಸಿದೆ. ಅಣ್ಣ ನಂಬಿ ಮುಟ್ಟಿದ. ಚುರ್. ಪರದೇಶದ ವಾದ್ಯಕ್ಕೆ ನಮ್ಮ ಕರೆಂಟು ಇಳಿಸಿಕೊಡುವ ಟ್ರಾನ್ಸ್‌ಫಾರ್ಮರನ್ನೇ ಬದಲಿಸಿದೆ. ಅಣ್ಣ ನಂಬಿ ಮುಟ್ಟಿದ. ಆಗಲೂ ಚುರ್. ಕಡೆಗೆ ಅವನಿಗೆ ಮಣೆಯ ಮೇಲೆ ಕೂತು, ವೈನಿಯ ರಬ್ಬರಿನ ಚಪ್ಪಲಿ ಮೆಟ್ಟಿಕೊಂಡು ಬಾರಿಸಲು ಹೇಳಿದೆ. ಆರಡಿ ಎತ್ತರದ ಅಣ್ಣ ಹೆಂಡತಿಯ ಗುಲಾಬಿ ಪಟ್ಟಿಯ ಚಪ್ಪಲಿಯಲ್ಲಿ ಅರ್ಧ ಪಾದ ತೂರಿಸಿ ಕೂತದ್ದನ್ನು ನೋಡಿ ವೈನಿ ನಗುತ್ತ ಒಳಗೆ ಓಡಿದರು. ನಗು ನಿಂತ ಮೇಲೆ ಹೊರಗೆ ಬಂದು, ನನ್ನನ್ನು ಬದಿಗೆ ಕರೆದು ಬೇರೆಯದನ್ನೇ ಹೇಳಿದರು.

“ಅವರ ಕೈ ನೋಡಿರೇನು?”

ನೋಡಿದೆ. ಅಣ್ಣನ ಬೆರಳುಗಳು ಸ್ವರದ ಮನೆಯನ್ನು ಒತ್ತುವ ಮೊದಲೇ ಹಿಂದಕ್ಕೆ ಬರುತ್ತಿದ್ದವು. ಎಳೆಯಬೇಕಾದ ಸ್ವರವನ್ನು ಎಳೆಯದೆ, ಬಿಸಿ ಪಾತ್ರೆ ಮುಟ್ಟಿದವನ ಹಾಗೆ ಬಿಟ್ಟುಬಿಡುತ್ತಿದ್ದ. ಶಾಕು ಇಲ್ಲದ ಹೊತ್ತಿನಲ್ಲೂ. ಅವನ ಬಾಯಿಗೆ ಇದ್ದದ್ದು ಈಗ ಬೆರಳಿಗೂ ಬಂದಿತ್ತು. ಔರಂಗಾಬಾದಿಗೆ ಹೋಗುವ ರವಿವಾರಕ್ಕೆ ಇನ್ನು ಹತ್ತು ದಿನ.

“ನಾ… ನಾ ಹೋಗೂದಿಲ್ಲ ಬಿಡು” ಅಂದ ಅಣ್ಣ ಆ ದಿನ. ಒಂದೇ ಸಲ ತಡವರಿಸಿ ಅವನು ಇಡೀ ವಾಕ್ಯ ಹೇಳಿ ಮುಗಿಸಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಕೆಳಗಿನ ಮನೆಯಲ್ಲಿ ಉಡುಪಿ ಕಡೆಯ ಶೆಟ್ಟರಿದ್ದರು, ಪೇಟೆಯಲ್ಲಿ ಹೋಟೆಲು. ದಿನವಿಡೀ ಊರಿಗೆಲ್ಲ ಕಾಫಿ ಕುಡಿಸುವವರು ಸಂಜೆ ಒಂದು ಗಳಿಗೆ ಮನೆಗೆ ಬಂದು, ಕರೆಂಟಿನ ಒಲೆಯ ಮೇಲೆ ತಾವೇ ಕಾಸಿಕೊಂಡು ಕುಡಿಯುತ್ತಿದ್ದರು. “ಹೋಟೆಲಿನ ಕಾಫಿ ಯಾರು ಕುಡೀತಾರೆ ಮಾರಾಯ್ರೆ” ಎನ್ನುವುದು ಅವರ ಸಮರ್ಥನೆ. ಅವರ ಸಲಹೆಯಂತೆ ವಾದ್ಯವನ್ನು ಟಾಂಗಾದಲ್ಲಿ ಹೋಟೆಲಿಗೆ ಒಯ್ದು, ಇಡ್ಲಿ ಹಿಟ್ಟು ರುಬ್ಬುವ ಯಂತ್ರದ ಪಕ್ಕದಲ್ಲಿಟ್ಟು ಹಚ್ಚಿದೆವು. ಗುಂಯ್‌ ಇಲ್ಲ, ಚುರ್ ಇಲ್ಲ. ಡಾಕ್ಟರರ ಮುಂದೆ ಕೂಡಿಸಿದ ಕೂಡಲೇ ಕೆಮ್ಮು ನಿಂತ ಮಗುವಿನಂತೆ ಸಾಧುವಾಗಿ ಹಾಡಿತು. ಮನೆಗೆ ತಂದೆವು. ಸಂಜೆ ಮತ್ತೆ ಚುರ್.

“ಮನೀದ ಏನೋ ದೋಷ” ಅಂದರು ವೈನಿ.

“ಆಜಿ ನೀರು ಹಾಕೋದು ನಿಲ್ಲಿಸಿದ ಮೇಲೆ ಅಲ್ವಾ ಇದೆಲ್ಲ ಶುರುವಾದದ್ದು?” ಅಂದರು ಶೆಟ್ಟರು, ಬಹಳ ಮೆಲ್ಲಗೆ, ನನ್ನ ಮುಖ ನೋಡದೆ.

ನನಗೆ ಮೈಯೆಲ್ಲ ಉರಿದುಹೋಯಿತು. ಒಂದರ ನಂತರ ಇನ್ನೊಂದು ಆಯಿತು ಅಂದರೆ ಒಂದರಿಂದಲೇ ಇನ್ನೊಂದು ಆಯಿತು ಅಂತಲ್ಲ. ಇದು ತರ್ಕದ ಮೊದಲ ಪಾಠ. ಕೋಳಿ ಕೂಗಿದ ಮೇಲೆ ಶೆಟ್ಟರು ಹೋಟೆಲು ತೆಗೆಯುತ್ತಾರೆ. ಹಾಗೆಂದು ಕೋಳಿಗೆ ಹೋಟೆಲಿನಲ್ಲಿ ಪಾಲು ಕೊಡುತ್ತಾರೆಯೇ? ಶೆಟ್ಟರು ವೈನಿಯ ಮುಖ ನೋಡಿದರು, ವೈನಿ ಅಂಗಳದ ಮೂಲೆಯ ಕಡೆ ನೋಡಿದರು. ಆಗ ನಾನು ಎಲ್ಲರೆದುರು ಘೋಷಿಸಿದೆ: ಆ ಸಿಂಧೂರ ಕೆರೆದು, ಕಲ್ಲು ಎತ್ತಿ, ಅದರ ಕೆಳಗೆ ಏನೂ ಇಲ್ಲವೆಂದು ಈಗಲೇ ತೋರಿಸುತ್ತೇನೆ. ಆಜಿಯ ಅಪ್ಪಣೆ ಕೇಳಿದೆ. ಅವರು ಮೆಟ್ಟಿಲ ಮೇಲಿಂದಲೇ, “ಏನೂ ಇಲ್ಲ ಅಂತ ನೀನss ಹೇಳೀಯಲ್ಲ. ಕೆರಿ” ಅಂದರು.

ಔರಂಗಾಬಾದಿನ ರವಿವಾರಕ್ಕೆ ಮೂರೇ ದಿನ ಉಳಿದಿದ್ದ ಗುರುವಾರದ ಸಂಜೆ, ಇನ್ನೂ ಬಿಸಿಲಿತ್ತು. ಸ್ಕ್ರೂಡ್ರೈವರ್ ಹಿಡಿದು ಕೂತೆ. ಸಿಂಧೂರ ಗಿಲಾವಿನ ಹಾಗೆ ಹಳಕು ಹಳಕಾಗಿ ಎದ್ದಿತು. ಅದರ ಕೆಳಗೆ ಚಪ್ಪಟೆ ಕಲ್ಲು. ನಡುವೆ, ನೀರು ಇಳಿದು ಇಳಿದು ಸಿಂಧೂರ ಪೂರ್ತಿ ಮುಚ್ಚದೆ ಉಳಿದ ಒಂದು ತೂತು. ಕಲ್ಲು ಸರಿಸಿದೆ. ಕೆಳಗೆ ಒಂದು ತಗಡಿನ ಲಾಳಿಕೆ. ಲಾಳಿಕೆ ಇಳಿದದ್ದು ನೆಲದೊಳಗೆ ಹೋದ ಒಂದು ಕಬ್ಬಿಣದ ಕೊಳವೆಗೆ. ಕೊಳವೆಯ ಕೊರಳಿಗೆ ಒಂದು ಬೋಲ್ಟು. ಬೋಲ್ಟಿನಿಂದ ಹೊರಟ ಒಂದು ದಪ್ಪ ತಂತಿ ವಾಡೆಯ ಗೋಡೆಯೊಳಗೆ ನುಗ್ಗಿತ್ತು. ಸುತ್ತಲಿನ ಕಪ್ಪು ಮಣ್ಣು ಬೆರಳು ತೂರುವಷ್ಟು ಬಿರುಕುಬಿಟ್ಟಿತ್ತು.

ನಾನು ಕೂತಲ್ಲೇ ಕೂತೆ. ಅದು ಇಡೀ ವಾಡೆಯ ಅರ್ಥಿಂಗ್ ಕೊಳವೆ.

ವಿದ್ಯುತ್ತಿನ ಕೆಲಸ ಮಾಡುವವನಿಗೆ ಗೊತ್ತಿರುವ ಸಂಗತಿ: ಎಲ್ಲಿಯಾದರೂ ಕರೆಂಟು ಸೋರಿದರೆ ಅದು ಈ ಕೊಳವೆಯಿಂದ ಮಣ್ಣಿಗೆ ಇಳಿಯಬೇಕು, ಇಳಿಯಬೇಕಾದರೆ ಮಣ್ಣು ಹಸಿಯಾಗಿರಬೇಕು, ಆದ್ದರಿಂದ ಕೊಳವೆಗೆ ತಪ್ಪದೆ ನೀರು ಹಾಕಬೇಕು. ಅರ್ಥಿಂಗ್ ಕೆಲಸ ಮಾಡುತ್ತಿದೆಯೇ ಎಂದು ಕರೆಂಟಿನ ತಂತಿಗೂ ಅದಕ್ಕೂ ನಡುವೆ ಬಲ್ಬು ಹಚ್ಚಿ ನೋಡುವುದು ತರಬೇತಿಯ ಮೊದಲ ದಿನ ಕಲಿಸುವ ಪರೀಕ್ಷೆ. ಅದನ್ನೀಗ, ಜಿರಳೆ ಹೇರ್‌ಪಿನ್ನು ಟ್ರಾನ್ಸ್‌ಫಾರ್ಮರುಗಳೆಲ್ಲ ಮುಗಿದ ಮೇಲೆ, ಮಾಡಿದೆ. ಜಗ್ಗನೆ ಉರಿಯಬೇಕಾದ ಬಲ್ಬು ಊದುಬತ್ತಿಯ ತುದಿಯಷ್ಟು ಕೆಂಪಾಯಿತು. ಅಷ್ಟೇ. ಶೆಟ್ಟರ ಹಳೆಯ ಒಲೆಯಿಂದ ಸೋರಿದ ಕರೆಂಟು, ಕೆಳಗೆ ಇಳಿಯಲು ದಾರಿ ಕಾಣದೆ, ಎಲ್ಲರಿಗೂ ಸೇರಿದ ಆ ತಂತಿಯಲ್ಲೇ ಮಹಡಿ ಹತ್ತಿ, ನಾನು ಭಾಷಣ ಮಾಡಿ ಹಾಕಿದ ಮೂರನೆಯ ಪಿನ್ನಿನ ಮೂಲಕ ವಾದ್ಯದ ಮೈಗೆ, ಅಲ್ಲಿಂದ ಅಣ್ಣನ ಬೆರಳಿಗೆ ಬರುತ್ತಿತ್ತು. ಅದೂ ಸರಿಯಾಗಿ ಸಂಜೆ ಅವನು ಬಾರಿಸಲು ಕೂಡುವ ಹೊತ್ತಿಗೆ.

“ಅಂದ್ರ ಇಷ್ಟು ದಿನ ನಿಮ್ಮ ಕಾಫಿ ನಮ್ಮವರಿಗೆ ಕಚ್ಚತಿತ್ತೇನ್ರಿ ಶೆಟ್ಟರ?” ಅಂದರು ವೈನಿ.

“ಅಯ್ಯೋ ದೇವರೇ! ನಾಳೆಯಿಂದ ಹೋಟೆಲಿನದ್ದೇ ಕುಡೀತೇನೆ” ಅಂದರು ಶೆಟ್ಟರು. ಅದಕ್ಕಿಂತ ದೊಡ್ಡ ಪ್ರಾಯಶ್ಚಿತ್ತ ಅವರಿಗೆ ತೋಚಿರಲಾರದು.

ನಾನು ಆಜಿಯನ್ನು ಕೇಳಿದೆ, “ಇದಕ್ಕ ನೀರು ಹಾಕ್ರಿ ಅಂತ ನಿಮಗ ಯಾರು ಹೇಳಿದ್ರು?”

“ವಾಯರಿಂಗ್ ಮಾಡಿದ ಮಿಸ್ತ್ರಿ. ನಮ್ಮ ಮನಿಯವರು ಇದ್ದಾಗ ಮನಿಗೆ ಕರೆಂಟು ಬಂತು. ‘ಬಾಯಿ, ಇದರ ಮ್ಯಾಲೆ ದಿನಾ ಒಂದು ಕೊಡ ನೀರು ಹಾಕ್ರಿ, ತಪ್ಪಿಸಬ್ಯಾಡ್ರಿ, ಮನೀ ಮಂದೀನ ಕಾಯೋದು ಇದss’ ಅಂದ. ಮನೀ ಕಾಯೋದು ಅಂದಮ್ಯಾಲೆ ಬರೇ ನೀರು ಹ್ಯಾಂಗ ಹಾಕೋದು? ಒಂಚೂರು ಸಿಂಧೂರ ಹಚ್ಚಿದೆ.”

“ಇದನ್ನ ಅವತ್ತss ಯಾಕ ಹೇಳಲಿಲ್ರೀ?”

“ನೀ ಕೇಳಿದ್ದು ದೇವರ ಹೆಸರು, ಬಾಳಾ. ನೀರು ಹಾಕ್ಲಿಕ್ಕೆ ಹೇಳಿದವನ ಹೆಸರು ನೀ ಕೇಳಲಿಲ್ಲ.”

ಕಲ್ಲಿನ ಕೆಳಗೆ ದೇವರಿಲ್ಲ ಎಂದದ್ದು ನಿಜವೇ ಆಗಿತ್ತು. ಏನೂ ಇಲ್ಲ ಎಂದದ್ದು ಮಾತ್ರ ನೋಡದೆ ಹಾಕಿದ ಸಹಿ.

ಅಂದು ಶೆಟ್ಟರ ಹೋಟೆಲಿನಿಂದ ಇದ್ದಿಲು, ವೈನಿಯ ಡಬ್ಬಿಯಿಂದ ಉಪ್ಪು ತರಿಸಿ, ಕೊಳವೆಯ ಸುತ್ತ ತುಂಬಿ, ಕೊಡದ ಮೇಲೆ ಕೊಡ ಸುರಿದೆ. ಮಣ್ಣು ಗಟಗಟ ಎಂದು ಸದ್ದು ಮಾಡಿ ಕುಡಿಯಿತು. ಕಲ್ಲಿಗೆ ಬಾಯಾರಿಕೆ ಇಲ್ಲ ಎಂದವನು ಎಂಟು ಕೊಡ ಹೊತ್ತೆ. “ಉಪ್ಪಿನ ನೈವೇದ್ಯ ಇದೇ ಮೊದಲ ನೋಡಿದ್ದು” ಅಂದರು ಆಜಿ. ಮರುದಿನ ಬಲ್ಬು ಕಣ್ಣು ಕುಕ್ಕುವ ಹಾಗೆ ಉರಿಯಿತು.

ಅಣ್ಣನಿಗೆ ಬಲ್ಬು ತೋರಿಸಿದೆ. ಚಿತ್ರ ಬರೆದು ವಿವರಿಸಿದೆ. ಅವನು ತಲೆಯಾಡಿಸಿದ, ವಾದ್ಯವನ್ನು ಮುಟ್ಟಲಿಲ್ಲ. ಮೂರು ಸಲ ನನ್ನ ವಾದವನ್ನು ನಂಬಿ ಮೂರು ಸಲ ಶಾಕು ಹೊಡೆಸಿಕೊಂಡವನು, ನಾಲ್ಕನೆಯ ಸಲಕ್ಕೆ ಯಾಕೆ ನಂಬಬೇಕು? ಶೆಟ್ಟರಿಗೆ ಬೇಕೆಂದೇ ಅದೇ ಒಲೆ ಹಚ್ಚಲು ಹೇಳಿ, ವಾದ್ಯದ ಲೋಹದ ಮೈಮೇಲೆ ನನ್ನ ಅಂಗೈ ಪೂರ್ತಿ ಊರಿ, ಬರಿಗಾಲಲ್ಲಿ ಕೂತೆ. ಮಾತಾಡದೆ. ಕಾಫಿ ಕುದಿದು, ಉಕ್ಕಿ, ಅದರ ವಾಸನೆ ಮಹಡಿಗೆ ಬರುವ ತನಕ ಕೂತೆ. ಅಣ್ಣ ನನ್ನ ಮುಖವನ್ನೇ ನೋಡುತ್ತಿದ್ದ. ಕೊನೆಗೆ ಹತ್ತಿರ ಬಂದು, ನನ್ನ ಕೈ ಪಕ್ಕಕ್ಕೆ ಸರಿಸಿ, ಒಂದು ಸ್ವರ ಒತ್ತಿದ. ಒತ್ತಿದವನು ಎತ್ತಲಿಲ್ಲ. ಆ ಒಂದೇ ಸ್ವರವನ್ನು ಎಷ್ಟು ಹೊತ್ತು ಹಿಡಿದನೆಂದರೆ, ವೈನಿ ಕೈಯಲ್ಲಿದ್ದ ಸೌಟು ಹಾಗೇ ಹಿಡಿದು ಹೊರಗೆ ಬಂದು ನಿಂತರು.

ರವಿವಾರ ಔರಂಗಾಬಾದಿನಲ್ಲಿ, ಒಂದು ಶಾಲೆಯ ಸಭಾಗೃಹದಲ್ಲಿ, ಮೊದಲು ನಾನು ಬಲ್ಬು ಹಚ್ಚಿ ಅಲ್ಲಿಯ ಪ್ಲಗ್ಗನ್ನು ಪರೀಕ್ಷಿಸಿದೆ. ಆಮೇಲೆ ಅಣ್ಣ ಕೂತು, ವಾದ್ಯದ ಮೈಯನ್ನು ಮುಂಗೈಯಿಂದ ಎರಡು ಸಲ ತಟ್ಟಿ ನೋಡಿದ. ದಾದಾ ನಕ್ಕು ಮರಾಠಿಯಲ್ಲಿ, “ಏನ್ರೀ, ಕುದುರೆ ಸವರಿದ ಹಾಗೆ ಸವರುತ್ತೀರಿ? ಒದೆಯುತ್ತದೆಯೇ?” ಎಂದು ಕೇಳಿದರು. ನಾನು ಅಭ್ಯಾಸಬಲದಿಂದ ಉತ್ತರ ಕೊಡಲು ಎದ್ದೆ. ಅಣ್ಣ ಕೈ ಅಡ್ಡ ಹಿಡಿದ. ಕೊಳಲಿನವರು, ತಬಲಾದವರು ಎಲ್ಲ ಕಾದರು. ಮೊದಲ ಅಕ್ಷರ ಬರಲು ಬಹಳ ಹೊತ್ತು ಹಿಡಿಯಿತು. ಬಂದ ಮೇಲೆ, ನಿಂತು ನಿಂತು, ಮುರುಕು ಮರಾಠಿಯಲ್ಲಿ ಅವನು ಹೇಳಿದ್ದು ಇಷ್ಟು:

“ಒದೀತಿತ್ತು. ನನ್ನ ತಮ್ಮ ಒಂದು ಅಜ್ಜಿಯ ಮೇಲೆ ವಾದ ಗೆದ್ದಿದ್ದ. ಈಗ ಸೋತಿದ್ದಾನೆ. ಈಗ ಒದೆಯೋದಿಲ್ಲ.”

ಸಭಾಗೃಹವೆಲ್ಲ ನಕ್ಕಿತು. ಅಣ್ಣ ಆ ನಗು ನಿಲ್ಲುವ ಮೊದಲೇ ಬಾರಿಸಲು ಶುರುಮಾಡಿದ. ಮುಗಿದಾಗ ದಾದಾ, ಮುಂದಿನ ಕಾರ್ಯಕ್ರಮಕ್ಕೆ ಅಣ್ಣನಿಗೆ ಹೊಲಿಸಬೇಕಾದ ಕೋಟಿನ ಅಳತೆ ತೆಗೆದುಕೊಳ್ಳಿರೆಂದು ಯಾರಿಗೋ ಕೂಗಿದರು. ಮರಳುವಾಗ ಬಸ್ಸಿನಲ್ಲಿ, ನಮ್ಮ ಜೊತೆ ಬಂದಿದ್ದ ವೈನಿ ಅಣ್ಣನ ಆ ಮಾತನ್ನು ನೆನೆನೆನೆದು ನಕ್ಕರು. ನಾನು ಇಪ್ಪತ್ತು ವರ್ಷ ಅವನ ಬದಲಿಗೆ ಮಾತಾಡಿದ್ದೆ. ಒಂದು ಸಲವೂ ಅಷ್ಟು ಜನ ನಕ್ಕಿರಲಿಲ್ಲ.

ಮನೆಗೆ ಬಂದವನೇ ಆಜಿಯ ಹತ್ತಿರ ಹೋಗಿ ತಪ್ಪಾಯಿತೆಂದೆ. ಇನ್ನು ಮೊದಲಿನಂತೆ ದಿನಾ ನೀರು ಹಾಕಿರಿ, ಬೇಕಾದರೆ ಸಿಂಧೂರವನ್ನೂ ಹಚ್ಚಿರಿ ಎಂದೆ. ಆಜಿ ಅಡಕೆ ಕತ್ತರಿಸುತ್ತ ತಲೆಯೆತ್ತದೆ ಹೇಳಿದರು:

“ನನ್ನ ಕೈಲಿ ಆಗೂದಿಲ್ಲಪಾ. ಇಷ್ಟು ದಿನ ದೇವರು ಅಂತ ಕೊಡ ಹೊತ್ತೆ, ಭಾರ ಅನಿಸಲಿಲ್ಲ. ಈಗ ಅದು ಪೈಪು. ಎಪ್ಪತ್ತು ವರ್ಷದಾಕಿ ಪೈಪಿಗೆ ಯಾಕ ನೀರು ಹೊರಬೇಕು? ಪೈಪಿನ ಸಂಗತಿ ತಿಳಿದವರು ಹೊರಲಿ.”

ಹೀಗಾಗಿ ದಿನಾ ಬೆಳಿಗ್ಗೆ ಕಾರ್ಖಾನೆಯ ಬಸ್ಸಿಗೆ ಹೋಗುವ ಮೊದಲು ನಾನು ಕೊಡ ಹೊತ್ತುಕೊಂಡು ಅಂಗಳದ ಮೂಲೆಗೆ ಹೋಗುತ್ತೇನೆ. ಬಾವಿಯಲ್ಲಿ ನೀರು ಕಡಿಮೆಯಿರುವುದರಿಂದ ಸ್ನಾನದ ನೀರಿನಲ್ಲೇ ಒಂದು ಕೊಡ ಉಳಿಸಿ ಒಯ್ಯುತ್ತೇನೆ. ಆದ್ದರಿಂದ ಸ್ನಾನವಾಗಿ, ಒದ್ದೆ ಪಂಚೆಯಲ್ಲೇ ಇರುತ್ತೇನೆ. ಅಲ್ಲಿ ಕೆಸರಾಗುವುದರಿಂದ ಚಪ್ಪಲಿ ಕಳಚಿಡುತ್ತೇನೆ. ಬೋಲ್ಟು ಸಡಿಲಾಗಿದೆಯೇ ಎಂದು ಬಗ್ಗಿ, ಎರಡೂ ಕೈಯಿಂದ ಮುಟ್ಟಿ ನೋಡುತ್ತೇನೆ. ಓಣಿಯಲ್ಲಿ ಹೋಗುವ ಹೆಂಗಸರು ಗೇಟಿನ ಹತ್ತಿರ ಒಂದು ಕ್ಷಣ ನಿಂತು, ತಮ್ಮ ಮಕ್ಕಳಿಗೆ ನನ್ನನ್ನು ತೋರಿಸಿ, “ನೋಡು, ಅವರನ್ನು ನೋಡಿ ಕಲಿ” ಎನ್ನುತ್ತಾರೆ. ಪ್ರತಿಯೊಂದು ಕ್ರಿಯೆಗೂ ನನ್ನ ಹತ್ತಿರ ಗಟ್ಟಿಯಾದ ವೈಜ್ಞಾನಿಕ ಕಾರಣವಿದೆ. ಕೇಳಲು ಮಾತ್ರ ಇದುವರೆಗೆ ಒಬ್ಬರೂ ನಿಂತಿಲ್ಲ. ಎಲ್ಲರೂ ದೂರದಿಂದಲೇ ಕೈ ಮುಗಿದು ಮುಂದೆ ಹೋಗುತ್ತಾರೆ.